ಇಪ್ಪತ್ಮೂರನೆಯ ಸ್ಲೈಡನ್ನು ನಾನು ತೆಗೆಯುವುದಿಲ್ಲ

ನನ್ನ ವೆಬ್‌ಸೈಟಿನಲ್ಲಿರುವ ಒಂದು ಸ್ಲೈಡನ್ನು ತೆಗೆದುಹಾಕಿ ಎಂದು ಇದುವರೆಗೆ ಮೂರು ಜನ ಹೇಳಿದ್ದಾರೆ. ಒಬ್ಬರು ನನ್ನ ಜೊತೆಗೇ ನಿವೃತ್ತರಾದ ಗೆಳೆಯರು, ಇನ್ನೊಬ್ಬರು ಈಗ ಕುರ್ಚಿಯಲ್ಲಿರುವ ಅಧಿಕಾರಿ, ಮೂರನೆಯವಳು ನನ್ನ ಹೆಂಡತಿ. ಹೆಂಡತಿಯ ಮಾತಿನಲ್ಲಿ ಮಾತ್ರ ಸ್ವಲ್ಪ ಅರ್ಥವಿತ್ತು. "ಈ ವಯಸ್ಸಿನ್ಯಾಗ ಬಿ.ಪಿ. ಯಾಕ ಏರಿಸ್ಕೋತೀರಿ?" ಎಂದಳು. ಉಳಿದ ಇಬ್ಬರೂ "ಇಲಾಖೆಯ ಮರ್ಯಾದೆ" ಎಂದರು. ಆ ಎರಡು ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಸದಾಗಿ ಭೂಮಾಪಕರಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಈ ಉರಿ ಯಾಕೆ ಎಂದು ತಿಳಿದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ನಾಲ್ಕು ವರ್ಷ ಹೊಲ ಅಳೆದಿದ್ದೇನೆ. ಕಿತ್ತೂರು ಕಡೆಯ ಕೆಂಪು ಮಣ್ಣು, ಸವದತ್ತಿ ಕಡೆಯ ಎರೆ, ರಾಮದುರ್ಗದ ಕಲ್ಲುಬಾರೆ ಎಲ್ಲವನ್ನೂ ಕಾಲಿನಿಂದ ಬಲ್ಲೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಆ ಶಾಲುಗಳನ್ನು ನನ್ನ ಹೆಂಡತಿ ಹಿಟ್ಟಿನ ಡಬ್ಬಿಗಳ ಮೇಲೆ ಹೊದಿಸಿದ್ದಾಳೆ, ಅದೇ ಸರಿಯಾದ ಜಾಗ.

ನಾನು ಕೆಲಸಕ್ಕೆ ಸೇರಿದಾಗ ಸರಪಳಿಯ ಕಾಲ. ಮೂವತ್ಮೂರು ಅಡಿ ಉದ್ದದ ಕಬ್ಬಿಣದ ಸರಪಳಿ, ಅದರ ಹದಿನಾರರಲ್ಲಿ ಒಂದು ಪಾಲಿಗೆ ಆಣೆ ಎನ್ನುತ್ತಿದ್ದೆವು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಈಗಿನವರು ಕಂಬದ ಮೇಲೊಂದು ಯಂತ್ರ ನಿಲ್ಲಿಸಿ, ಆಕಾಶದ ಉಪಗ್ರಹವನ್ನು ಕೇಳಿ, ಚಹಾ ಆರುವುದರೊಳಗೆ ಅಳತೆ ಹೇಳುತ್ತಾರೆ. ಒಳ್ಳೆಯದೇ. ನಾವು ಜಾಲಿಮುಳ್ಳು ತುಳಿದಿದ್ದೇವೆ ಎಂದು ಅವರೂ ತುಳಿಯಬೇಕಾಗಿಲ್ಲ. ಆದರೆ ಯಂತ್ರ ಬಂದರೂ ಒಂದು ರೋಗ ಹೋಗಲಿಲ್ಲ. ಹೊಲ ಒಂದು ಹೇಳಿ, ಕಾಗದ ಇನ್ನೊಂದು ಹೇಳಿದಾಗ ಕಾಗದವನ್ನು ನಂಬುವ ರೋಗ.

ಆ ರೋಗವನ್ನು ನನಗೆ ಅಂಟಿಸಿದವರು ನನ್ನ ಮೊದಲ ಮೇಲಧಿಕಾರಿ. ಕಿತ್ತೂರು ಕಡೆ ಒಂದು ಅಳತೆಯಲ್ಲಿ ಎರಡು ಆಣೆ ವ್ಯತ್ಯಾಸ ಬಂತೆಂದು ನಾನು ಮೂರು ಸಲ ಸರಪಳಿ ಎಳೆಸಿದ್ದೆ. ಸಂಜೆ ಕಚೇರಿಯಲ್ಲಿ ಅವರು ಕನ್ನಡಕ ಒರೆಸುತ್ತ ಕೇಳಿದರು: "ಯಾಕಲೇ, ಹೊಲಾ ಯಾರ ನೋಡಾಕ ಹೋಗ್ತಾರ? ಮ್ಯಾಲಿನವರು ನೋಡೂದು ನಕಾಶಿ. ಎರಡಾಣಿ ಹಂಚಿ ಹಾಕು, ಮನೀಗಿ ನಡಿ." ಹಂಚಿ ಹಾಕುವುದು ಅಂದರೆ ಬಂದ ವ್ಯತ್ಯಾಸವನ್ನು ಉದ್ದಕ್ಕೂ ಸ್ವಲ್ಪ ಸ್ವಲ್ಪ ಹರಡಿ ಬರೆಯುವುದು. ಸರಪಳಿ ಬಿಸಿಲಿಗೆ ಹಿಗ್ಗುತ್ತದೆ, ಎಳೆಯುವವನ ಕೈ ಸಡಿಲಾಗುತ್ತದೆ. ಸಣ್ಣ ವ್ಯತ್ಯಾಸಕ್ಕೆ ಅದು ತಕ್ಕ ಉಪಾಯವೇ. ಆದರೆ ಎರಡಾಣೆ ಹಂಚಿದ ಕೈ ನಾಳೆ ನಾಲ್ಕಾಣೆ ಹಂಚುತ್ತದೆ. ನನ್ನ ಕೈ ಎಷ್ಟು ಹಂಚಿತೆಂದು ಮುಂದೆ ಹೇಳುತ್ತೇನೆ.

ಸೇವೆಯ ಕೊನೆಯ ವರ್ಷಗಳಲ್ಲಿ ಹೊಸಬರಿಗೆ ತರಬೇತಿ ಕೊಡುವ ಕೆಲಸ ಬಂತು. ಆಗ ಸ್ಲೈಡು ಮಾಡುವುದನ್ನು ಕಲಿತೆ. ಹಳೆಯ ನಕಾಶೆ ಓದುವುದು ಹೇಗೆ, ಹೊಲದ ಗಡಿ ತೋರಿಸುವ ಹದ್ದಿನ ಕಲ್ಲು ಹುಡುಕುವುದು ಹೇಗೆ, ಪಕ್ಕದ ಹೊಲದವರಿಗೆ ನೋಟಿಸು ಕೊಡುವುದು ಹೇಗೆ, ಹೀಗೆ ನಲವತ್ತೊಂದು ಸ್ಲೈಡುಗಳಾದವು. ನಿವೃತ್ತನಾದ ಮೇಲೆ ಒಂದು ದಿನ ಯಾರೋ ಕರೆದರೆಂದು ತರಬೇತಿಯೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಪರದೆಯ ಮೇಲೆ ನನ್ನವೇ ಸ್ಲೈಡುಗಳು! ನನ್ನ ಹೆಸರಿದ್ದ ಜಾಗದಲ್ಲಿ ಬೇರೆಯವರ ಹೆಸರು, ನನ್ನ ಸಾದಾ ಬಿಳಿ ಹಿನ್ನೆಲೆಯ ಬದಲು ಸೂರ್ಯೋದಯದ ಚಿತ್ರ. ಅದನ್ನಾದರೂ ಸಹಿಸುತ್ತಿದ್ದೆ. ಹೇಳುತ್ತಿದ್ದ ಮಹಾಶಯನಿಗೆ ಸ್ಲೈಡಿನಲ್ಲಿದ್ದ ಒಂದು ಗೆರೆಯ ಅರ್ಥವೂ ಗೊತ್ತಿರಲಿಲ್ಲ. ಒಬ್ಬಳು ಹುಡುಗಿ ಪ್ರಶ್ನೆ ಕೇಳಿದರೆ "ಅದು ಪರೀಕ್ಷೆಗೆ ಬರೋದಿಲ್ಲ" ಎಂದ. ನಾನು ಎದ್ದು ಬಂದೆ. ಬಸ್ಸಿನಲ್ಲಿ ಬೈಲಹೊಂಗಲದವರೆಗೂ ಹಲ್ಲು ಕಡಿಯುತ್ತಲೇ ಇದ್ದೆ. ಆ ಸಿಟ್ಟಿನಲ್ಲೇ ನನ್ನದೇ ಒಂದು ವೆಬ್‌ಸೈಟು ಮಾಡಿ, ನನ್ನ ಹೆಸರಿನಲ್ಲಿ, ನನ್ನ ವಿವರಣೆಯೊಂದಿಗೆ ಸ್ಲೈಡುಗಳನ್ನು ಹಾಕಬೇಕೆಂದು ತೀರ್ಮಾನಿಸಿದೆ.

ನಮ್ಮ ಬಜಾರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವ ಶಾಹೀನ್ ನನ್ನ ಗುರು. ನನ್ನ ಅರ್ಧ ವಯಸ್ಸಿನವಳು, ತಾಳ್ಮೆ ಮಾತ್ರ ನನ್ನದರ ಎರಡರಷ್ಟು. ಸ್ಲೈಡುಗಳನ್ನು ಮೊದಲ ಸಲ ಏರಿಸಿದಾಗ ಕನ್ನಡವೆಲ್ಲ ಇರುವೆ ಮುತ್ತಿದಂತೆ ಚಿಹ್ನೆಗಳಾಗಿ ಕಂಡಿತು. ಕಚೇರಿಯಲ್ಲಿ ನಾವು ಬಳಸುತ್ತಿದ್ದ ಹಳೆಯ ಅಕ್ಷರಶೈಲಿ ಬೇರೆಯವರ ಫೋನಿನಲ್ಲಿ ಇರುವುದಿಲ್ಲವಂತೆ. "ಸರ್, ಎಲ್ಲಾ ಯುನಿಕೋಡ್‌ನ್ಯಾಗ ಮತ್ತ ಟೈಪ್ ಮಾಡಬೇಕಾಗ್ತೈತ್ರಿ. ಮತ್ತ ಅಕ್ಷರ ದೊಡ್ಡೂ ಮಾಡ್ರಿ. ಮಂದಿ ಇದನ್ನ ಮೊಬೈಲ್‌ನ್ಯಾಗ ನೋಡ್ತಾರ, ಗ್ವಾಡಿ ಮ್ಯಾಲ ಅಲ್ಲ," ಎಂದಳು. ನಲವತ್ತೊಂದು ಸ್ಲೈಡನ್ನೂ ಒಂದೇ ಬೆರಳಿನಿಂದ ಮತ್ತೆ ಟೈಪು ಮಾಡಿದೆ. ಒಂದು ಸ್ಲೈಡಿನಲ್ಲಿ ಹನ್ನೆರಡು ಸಾಲು ತುರುಕಿದ್ದನ್ನು ಅವಳು ಮೂರಕ್ಕೆ ಇಳಿಸಿದಳು. ಕೊನೆಗೆ ಪಿಡಿಎಫ್ ಮಾಡಿ ಏರಿಸಿದೆವು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಇಡೀ ರಾಜ್ಯದ ಹೊಸ ಭೂಮಾಪಕರು ಫೋನು ಮಾಡತೊಡಗಿದರು. ನನ್ನ ತಲೆ ಸ್ವಲ್ಪ ತಿರುಗಿತು, ಸುಳ್ಳು ಹೇಳಲಾರೆ.

ಅದರಲ್ಲಿ ಇಪ್ಪತ್ಮೂರನೆಯ ಸ್ಲೈಡೆಂದರೆ ನನಗೆ ಭಾರೀ ಹೆಮ್ಮೆ. ನಾನೇ ಇಪ್ಪತ್ತೆಂಟು ವರ್ಷದ ಹಿಂದೆ ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಬರೆದ ನಕಾಶೆ ಅದು. ಗೆರೆ ಅಂದರೆ ಗೆರೆ, ಅಕ್ಷರ ಅಂದರೆ ಮುತ್ತು. ಹೊಲದ ಮೂಲೆಯಲ್ಲಿ ಒಂದು ಸಣ್ಣ ವೃತ್ತ, ಅದರ ಪಕ್ಕ "ಮೂಲ ಹದ್ದಿನ ಕಲ್ಲು, ಪರಿಶೀಲಿಸಿದೆ" ಎಂದು ನನ್ನ ಕೈಬರಹ. ಅದಕ್ಕೆ ಕೆಂಪು ಬಾಣ ಹಾಕಿ ಬರೆದಿದ್ದೆ: "ನಕಾಶೆ ಹೀಗಿರಬೇಕು."

ಹೋದ ವರ್ಷ ಒಂದು ಮುಂಜಾನೆ ಇಬ್ಬರು ಹೆಂಗಸರು ನಮ್ಮ ಮನೆಯ ಬಾಗಿಲಿಗೆ ಬಂದರು. ಹಿರಿಯಾಕೆ ನೀಲವ್ವ, ಎಪ್ಪತ್ತರ ಹತ್ತಿರ ಇರಬೇಕು. ಕಿರಿಯಾಕೆ ಅವಳ ಸೊಸೆ ಮಂಜುಳಾ. ಸವದತ್ತಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಮಂಜುಳಾ ಫೋನು ತೆರೆದು ನನ್ನ ಮುಖದ ಮುಂದೆ ಹಿಡಿದಳು. ಇಪ್ಪತ್ಮೂರನೆಯ ಸ್ಲೈಡು.

"ಇದನ್ನ ಬರದವ್ರು ನೀವ ಏನ್ರಿ?"

"ಹೌದವ್ವ," ಎಂದೆ. ಹೊಗಳಲು ಬಂದಿದ್ದಾರೆಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

"ಇದು ನಮ್ಮ ಹೊಲಾರಿ," ಎಂದಳು ನೀಲವ್ವ. "ನಿಮ್ಮ ಈ ಚಿತ್ರ ನಮ್ಮ ಹಾದಿ ತಿಂದೈತಿ. ಒಮ್ಮೆ ತಿಂದಿತ್ತು, ಈಗ ಮತ್ತ ತಿನ್ನಾಕ ಹತ್ತೈತಿ."

ಮಂಜುಳಾ ಬಿಡಿಸಿ ಹೇಳಿದಳು. ಇವರ ಹೊಲಕ್ಕೂ ಪಕ್ಕದ ಮಲ್ಲನಗೌಡರ ಹೊಲಕ್ಕೂ ನಡುವಿನ ಹದ್ದನ್ನು ಮತ್ತೆ ಅಳೆಸಬೇಕೆಂದು ಇವರು ಅರ್ಜಿ ಹಾಕಿದ್ದರು. ಪ್ರವೀಣ ಎಂಬ ಹೊಸ ಭೂಮಾಪಕ ಯಂತ್ರ ತಂದು ಅಳೆದ. ಹಳ್ಳದ ಕಡೆಯ ಮೂಲೆಯಲ್ಲಿ ಹದ್ದು ಹದಿನಾರೂವರೆ ಅಡಿ ಆಚೆ ಇರಬೇಕು, ಅಂದರೆ ಅಷ್ಟು ಜಾಗ ನೀಲವ್ವನದು ಎಂದು ಯಂತ್ರ ತೋರಿಸಿತು. ಇವರು ಸಂತೋಷಪಡುವುದರೊಳಗೆ ಪ್ರವೀಣ ಕಡತದಲ್ಲಿದ್ದ ನನ್ನ ನಕಾಶೆ ನೋಡಿದ. ಎಲ್ಲೋ ಕಂಡಂತಿದೆ ಎನಿಸಿ ಫೋನು ತೆಗೆದ. ಅವನು ಓದಿ ಕಲಿತ ಸ್ಲೈಡೇ ಅದು. "ಇದು ಮಾದರಿ ನಕಾಶೆ ಅಮ್ಮಾ. ಇದನ್ನ ನೋಡೇ ನಾವೆಲ್ಲಾ ಕಲಿತದ್ದು. ಇದು ತಪ್ಪಿರಾಕ ಸಾಧ್ಯ ಇಲ್ಲ, ನನ್ನ ಯಂತ್ರದ್ದ ಏನೋ ತಪ್ಪಿರಬೇಕು," ಎಂದು ಹೇಳಿ ಹೋಗಿಬಿಟ್ಟ.

ಹೊಲವನ್ನು ಕಣ್ಣಾರೆ ಕಂಡು, ಯಂತ್ರದಿಂದ ಅಳೆದು, ಕೊನೆಗೆ ಯಾರೋ ಮುದುಕ ಇಂಟರ್ನೆಟ್ಟಿಗೆ ಹಾಕಿದ ಚಿತ್ರ ನಂಬಿ ಹೋದನಲ್ಲ ಎಂದು ಮೊದಲು ಆ ಪ್ರವೀಣನ ಮೇಲೆ ಸಿಟ್ಟು ಬಂತು. ಆಮೇಲೆ ನೀಲವ್ವ ಮಾತಾಡಿದಳು.

"ಆ ಕಲ್ಲು ಹದ್ದಿನ ಕಲ್ಲಲ್ಲರಿ, ಸಾಹೇಬ್ರ. ಅದು ನಮ್ಮ ಅತ್ತಿ ಚರಗಕ್ಕ ಇಟ್ಟಿದ್ದ ಕಲ್ಲು. ಅವತ್ತ ನಾ ನಿಮಗ ಹೇಳಿದ್ದೆ. ನೀವು ನನ್ನ ಗಂಡಗ ಏನ ಅಂದ್ರಿ, ನೆನಪೈತೇನ್ರಿ? 'ಹೆಣ್ಮಕ್ಕಳನ್ನ ಮನೀಗಿ ಕಳಸು, ಕೆಲಸಕ್ಕ ಅಡ್ಡಿ ಆಗ್ತೈತಿ' ಅಂದ್ರಿ."

ನನಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ನಮ್ಮ ಕಡೆ ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಗೆಲ್ಲ ಎಡೆಯ ಅನ್ನದ ಚರಗ ಚೆಲ್ಲುತ್ತಾರೆ. ಹದ್ದಿನ ಕಲ್ಲಿಗೂ ಅದೇ ಸುಣ್ಣ, ಅದೇ ಕುಂಕುಮ. ಆವತ್ತು ಹಳ್ಳದ ನೀರು ಬದುವನ್ನು ಕೊಚ್ಚಿದೆಯೆಂದು ಎರಡೂ ಹೊಲದವರು ಸೇರಿ ಅಳೆಸಲು ಕರೆದಿದ್ದರು. ಮೂಲೆಯಲ್ಲಿ ಸುಣ್ಣ ಬಳಿದ ಒಂದೇ ಕಲ್ಲು ನಿಂತಿತ್ತು, ಉಳಿದ ಸಣ್ಣ ನಾಲ್ಕು ನೇಗಿಲಿಗೆ ಸಿಕ್ಕಿ ಹೋಗಿರಬೇಕು. ನಿಯಮದ ಪ್ರಕಾರ ಕಲ್ಲಿನ ಬುಡ ಅಗೆದು ನೋಡಬೇಕಿತ್ತು. ಹಳೆಯ ಹದ್ದಿನ ಕಲ್ಲು ಮೇಲೆ ಕಾಣುವುದಕ್ಕಿಂತ ಹೆಚ್ಚು ಮಣ್ಣೊಳಗೆ ಇರುತ್ತದೆ. ಪೂಜೆ ಮಾಡಿದ ಕಲ್ಲಿಗೆ ಗುದ್ದಲಿ ಹಾಕಲು ಸರಪಳಿ ಎಳೆಯುವವರು ಒಪ್ಪಲಿಲ್ಲ. ನನಗೂ ಮನಸ್ಸಾಗಲಿಲ್ಲ. ಅದಕ್ಕಿಂತ ನಿಜ ಹೇಳಬೇಕೆಂದರೆ ಬಿಸಿಲು ನೆತ್ತಿಗೇರಿತ್ತು, ಮಲ್ಲನಗೌಡರ ಮನೆಯಲ್ಲಿ ಊಟ ಕಾಯುತ್ತಿತ್ತು. ನೀಲವ್ವನ ಹೊಲದ ಎದುರು ಮೂಲೆಯಿಂದ ಆ ಕಲ್ಲಿಗೆ ಎಳೆದರೆ ಎಂಟು ಸರಪಳಿ ಬರಬೇಕಾದ ಕಡೆ ಏಳೂವರೆ ಬಂತು. ಎಂಟಾಣೆ ಕಡಿಮೆ! ಸರಪಳಿ ಹಿಗ್ಗಿದೆ ಎಂದು ನನಗೆ ನಾನೇ ಹೇಳಿಕೊಂಡು ಸರಪಳಿಗೆ ಒಂದಾಣೆಯಂತೆ ಹಂಚಿ ಹಾಕಿದೆ. ಎಂಟು ಸರಪಳಿಗೆ ಎಂಟಾಣೆ ಹಿಗ್ಗುವ ಸರಪಳಿಯನ್ನು ಯಾವ ಕಮ್ಮಾರನೂ ಮಾಡಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. "ಪರಿಶೀಲಿಸಿದೆ" ಎಂದು ಬರೆದು ಉಂಡು ಬಂದೆ.

ಹದ್ದು ಹದಿನಾರು ಸರಪಳಿ ಉದ್ದಕ್ಕೂ ಓರೆಯಾಯಿತು. ಲೆಕ್ಕಕ್ಕೆ ನಾಲ್ಕು ಗುಂಟೆ, ದೊಡ್ಡದೇನಲ್ಲ ಎನ್ನುವವರಿದ್ದಾರೆ. ಆದರೆ ಆ ಮೂಲೆಯಲ್ಲೇ ಇವರ ಎತ್ತಿನ ಚಕ್ಕಡಿಯ ಹಾದಿ ಇತ್ತು. ಅದು ಪಕ್ಕದವರ ಪಾಲಾದ ಮೇಲೆ ಬೆಳೆ ಇರುವಾಗ ಚಕ್ಕಡಿ ಹಾಯಲು ಅವರು ಬಿಡಲಿಲ್ಲ. ಬಿಡಬೇಕೆಂದು ಕಾಯಿದೆಯೂ ಹೇಳಲಿಲ್ಲ, ಯಾಕೆಂದರೆ ನನ್ನ ಕಾಗದ ಹಾಗಿತ್ತು.

"ಇಷ್ಟು ವರ್ಷ ಕಡ್ಲಿ ಆಗಲಿ, ಜ್ವಾಳದ ಕಣಕಿ ಸೂಡ ಆಗಲಿ, ಹಳ್ಳಾ ದಾಟಿಸಿ ತಲಿ ಮ್ಯಾಲ ಹೊತ್ತೇವಿ," ಎಂದಳು ನೀಲವ್ವ. "ನನ್ನ ಗಂಡ ಹೊತ್ತಾ, ಸತ್ತಾ. ಈಗ ಈಕಿ ಹೊರಾಕ ಹತ್ಯಾಳ. ಈಕಿ ಸೊಂಟ ನೋಡ್ರಿ."

ಮಂಜುಳಾ ಮುಖ ತಿರುಗಿಸಿದಳು. ನನ್ನ ಹೆಂಡತಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಇಬ್ಬರೂ ಚಹಾ ಮುಟ್ಟಲಿಲ್ಲ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅವರ ಎದುರಿಗೇ ಕುಳಿತು ಒಂದು ಹೇಳಿಕೆ ಬರೆದು ಸಹಿ ಮಾಡಿದೆ: ಕಲ್ಲನ್ನು ನಾನು ಅಗೆದು ನೋಡಿಲ್ಲ, ಎಂಟಾಣೆ ವ್ಯತ್ಯಾಸ ಮುಚ್ಚಿದ್ದೇನೆ, ನಕಾಶೆ ತಪ್ಪು. ಅದನ್ನು ಹಿಡಿದುಕೊಂಡು ಮರುದಿನ ಅಧಿಕಾರಿಯ ಹತ್ತಿರ ಹೋದೆ. ಅವರು ಓದಿದರು, ಬಾಗಿಲು ಹಾಕಲು ಸಿಪಾಯಿಗೆ ಹೇಳಿದರು.

"ಏನ್ ಸರ್ ಇದು? ನಿವೃತ್ತಿ ಆಗೀರಿ, ಪಿಂಚಣಿ ಬರ್ತೈತಿ, ಆರಾಮ ಇರ್ರಿ. ನೀವೊಬ್ರು ತಪ್ಪು ಅಂದ್ರ ನಾಳೆ ನೂರ ಮಂದಿ ತಮ್ಮ ನಕಾಶಿನೂ ತಪ್ಪು ಅಂತ ಬಂದು ನಿಂದರ್ತಾರ. ಇಲಾಖೆ ಮರ್ಯಾದಿ ಏನಾಗಬೇಕು? ಒಂದು ಕೆಲಸ ಮಾಡ್ರಿ. ಆ ಸ್ಲೈಡ್ ಸುಮ್ಮ ತಗದುಬಿಡ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ನೀಲವ್ವಗ ಗೊತ್ತೈತ್ರಿ," ಎಂದೆ.

"ಆಕಿ ಒಬ್ಬಾಕಿ."

ಇಷ್ಟು ವರ್ಷದಲ್ಲಿ ಮೊದಲ ಬಾರಿ ಮೇಲಧಿಕಾರಿಯ ಮೇಜಿನ ಮೇಲೆ ಕೈ ಬಡಿದೆ. ಗಾಜು ಒಡೆಯಲಿಲ್ಲ, ಒಡೆದಿದ್ದರೂ ಬೇಸರವಿರಲಿಲ್ಲ. ಇಲಾಖೆಯ ಮರ್ಯಾದೆ ಒಬ್ಬ ಹೆಂಗಸಿನ ತಲೆಯ ಮೇಲಿನ ಹೊರೆಗಿಂತ ಹಗುರವೆಂದು ಹೇಳಿದೆ. ಹೇಳಿಕೆಯ ಪ್ರತಿಗೆ ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳದೆ ಏಳುವುದಿಲ್ಲವೆಂದು ಕುಳಿತೆ. ಒತ್ತಿದರು. ಬಾಗಿಲಾಚೆ ಕಾಯುತ್ತಿದ್ದ ಸಾರ್ವಜನಿಕರ ಎದುರು ಮುದುಕನನ್ನು ಹೊರದಬ್ಬಲು ಆಗದಲ್ಲ.

ಸುಮ್ಮನೆ ತೆಗೆದುಬಿಡಿ ಎನ್ನುವವರಿಗೆ ಒಂದು ಮಾತು. ಸ್ಲೈಡು ತೆಗೆದರೆ ತಪ್ಪು ಹೋಗುವುದಿಲ್ಲ. ಶಾಹೀನ್ ಅದನ್ನು ನನಗೆ ಬಿಡಿಸಿ ಹೇಳಿದಳು: "ಸರ್, ನೀವು ತಗದ್ರ ನಿಮ್ಮ ಸೈಟ್‌ನ್ಯಾಗ ಅಷ್ಟ ಹೋಗ್ತೈತ್ರಿ. ಇಳಿಸ್ಕೊಂಡವರ ಫೋನ್‌ನ್ಯಾಗ, ಗ್ರೂಪ್‌ನ್ಯಾಗ ಹಂಗ ಉಳೀತೈತಿ. ತಪ್ಪು ಐತಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?" ಕಾಗದದ ನಕಾಶೆಯಾದರೆ ಒಂದು ಕಡತದಲ್ಲಿ ಕೊಳೆಯುತ್ತಿತ್ತು. ಇದನ್ನು ನಾನು ಕೈಯಾರೆ ನೂರಾರು ಜನರಿಗೆ ಹಂಚಿದ್ದೇನೆ. ಆದ್ದರಿಂದ ಸ್ಲೈಡನ್ನು ಅಲ್ಲೇ ಇಟ್ಟು, ನಕಾಶೆಯ ಮೇಲೆ ಕೆಂಪು ಗೆರೆಯಿಂದ ನಿಜವಾದ ಹದ್ದು ಎಳೆದು, ದೊಡ್ಡ ಅಕ್ಷರದಲ್ಲಿ ಬರೆದೆ: "ಈ ನಕಾಶೆ ತಪ್ಪು. ತಪ್ಪು ಮಾಡಿದವನು ನಾನು." ಕೆಳಗೆ ಹೆಸರು ಹಾಕಿದೆ. ನನ್ನ ಫೋನಿನಲ್ಲಿ ಹೆಸರಿದ್ದ ಪ್ರತಿಯೊಬ್ಬ ಭೂಮಾಪಕನಿಗೂ ಹೊಸ ಪ್ರತಿ ಕಳಿಸಿದೆ. ಗೆಳೆಯರು ಫೋನು ಮಾಡಿ ನಿನಗೆ ತಲೆ ಕೆಟ್ಟಿದೆ ಎಂದರು. ತಮ್ಮ ಹಳೆಯ ನಕಾಶೆಗಳು ನೆನಪಾದವೇನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ.

ಪ್ರವೀಣ ಮಾತ್ರ ನೇರ ಮನೆಗೆ ಬಂದ. ತಲೆ ತಗ್ಗಿಸಿ, "ನಾ ನನ್ನ ಅಳತಿ ನಂಬಬೇಕಾಗಿತ್ತರಿ, ಸರ್," ಎಂದ. ಮರು ಅಳತೆಗೆ ದಿನ ಗೊತ್ತಾಯಿತು. ನನಗೆ ಅಧಿಕಾರವಿಲ್ಲ, ಆದರೂ ಹೋದೆ.

ಎರಡೂ ಹೊಲದವರು, ಊರಿನ ನಾಲ್ಕು ಹಿರಿಯರು ಸೇರಿದ್ದರು. ಸುಣ್ಣ ಬಳಿದ ಕಲ್ಲು ಅಲ್ಲೇ ಇತ್ತು, ಕುಂಕುಮ ಹೊಸದು. ಅಗೆಯಿರಿ ಎಂದರೆ ಈ ಸಲವೂ ಯಾರೂ ಮುಂದೆ ಬರಲಿಲ್ಲ. ಗುದ್ದಲಿ ಹಿಡಿದವನು ಮಲ್ಲನಗೌಡರ ಮುಖ ನೋಡಿದ, ಅವರು ಆಕಾಶ ನೋಡಿದರು. ಆಗ ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

"ಇಟ್ಟದ್ದು ನಮ್ಮ ಅತ್ತಿ. ತಗಿಯೂದು ನಾನ. ಪಾಪ ಬಂದ್ರ ನನಗ ಬರ್ಲಿ."

ಕಲ್ಲಿಗೆ ನೀರೆರೆದು ಕೈಮುಗಿದು ಎರಡೂ ಕೈಯಿಂದ ಅಲುಗಾಡಿಸಿದಳು. ಎರಡನೆಯ ಎಳೆತಕ್ಕೆ ಅದು ಮೂಲಂಗಿ ಕಿತ್ತಂತೆ ಕಿತ್ತು ಬಂತು. ಮಣ್ಣೊಳಗೆ ಒಂದು ಗೇಣೂ ಇರಲಿಲ್ಲ. ಅಷ್ಟೇ ಕೆಲಸ ನಾನು ಆವತ್ತು ಮಾಡಬೇಕಾಗಿದ್ದದ್ದು. ಎರಡು ಎಳೆತ.

ಪ್ರವೀಣ ತನ್ನ ಯಂತ್ರ ನೋಡಿ ಹದಿನಾರೂವರೆ ಅಡಿ ಆಚೆ ಗೂಟ ಹೊಡೆದ. ಅಲ್ಲಿ ಎರಡು ಅಡಿ ಅಗೆದಾಗ ಗುದ್ದಲಿ ಠಣ್ ಎಂದಿತು. ಹಳ್ಳದ ಕೆಸರಿನಡಿ ಹೂತಿದ್ದ ಹಳೆಯ ಹದ್ದಿನ ಕಲ್ಲು, ತಲೆ ಮುರಿದದ್ದು. ಅದನ್ನು ನಾಲ್ಕು ಜನ ಸೇರಿ ಅಲುಗಿಸಿದರೂ ಅಲುಗಲಿಲ್ಲ. ಮಲ್ಲನಗೌಡರು ಬಗ್ಗಿ ಆ ಕಲ್ಲನ್ನು ಮುಟ್ಟಿ ನೋಡಿ, "ನಮಗೂ ಗೊತ್ತಿರ್ಲಿಲ್ಲಬೇ, ನೀಲವ್ವ. ಕಾಗದ ಬರೋ ಮಟಾ ಕಾಯಬ್ಯಾಡ. ನಾಳಿಯಿಂದ ನಿನ್ನ ಚಕ್ಕಡಿ ಬಿಡು," ಎಂದರು. ಅವರ ಮಾತು ದೊಡ್ಡದು. ಆದೇಶದ ಕಾಗದ ಇದನ್ನು ಬರೆಯುವವರೆಗೂ ಬಂದಿಲ್ಲ.

ಎಲ್ಲರೂ ಹೊರಟ ಮೇಲೆ ನಾನು ನೀಲವ್ವನ ಎದುರು ನಿಂತು ಕೈಮುಗಿದೆ. "ನಂದು ತಪ್ಪಾತವ್ವ," ಎಂದೆ. ಇರಲಿ ಬಿಡ್ರಿ ಎಂದಾಳು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತು. ಅವಳು ಹಾಗೆ ಅನ್ನಲಿಲ್ಲ. ಕೈಯ ಮಣ್ಣು ಕೊಡವಿಕೊಳ್ಳುತ್ತ ಒಂದೇ ಮಾತು ಹೇಳಿ, ಸೊಸೆಯನ್ನು ಕರೆದುಕೊಂಡು ಆ ಹಾದಿಯಲ್ಲೇ ನಡೆದು ಹೋದಳು.

ನಮ್ಮವರ ಸ್ಲೈಡುಗಳೆಲ್ಲ ಕೊನೆಗೆ "ಧನ್ಯವಾದಗಳು" ಎಂದು ಮುಗಿಯುತ್ತವೆ. ನನ್ನದೂ ಹಾಗೇ ಮುಗಿಯುತ್ತಿತ್ತು, ಪಕ್ಕದಲ್ಲೊಂದು ಗುಲಾಬಿ ಹೂವಿನ ಚಿತ್ರವೂ ಇತ್ತು. ಮನೆಗೆ ಬಂದ ದಿನವೇ ಎರಡನ್ನೂ ಅಳಿಸಿ, ಆ ನಲವತ್ತೊಂದನೆಯ ಸ್ಲೈಡಿನಲ್ಲಿ ನೀಲವ್ವ ಅಂದ ಮಾತನ್ನು ಅವಳು ಅಂದಂತೆಯೇ ಟೈಪು ಮಾಡಿದೆ:

"ನಿಮ್ಮ ತಪ್ಪು ಒಂದು ಮಧ್ಯಾಹ್ನದ್ದರಿ, ಸಾಹೇಬ್ರ. ನಮಗ ಅದು ಇಪ್ಪತ್ತೆಂಟು ಸುಗ್ಗಿ."